ಎಟಿಪಿ ಕೋಶದ ಹೊರಗೆ ಬಂದಾಗ: ಪ್ಯೂರಿನ್ ಸಂಕೇತಗಳ ಟಿಪ್ಪಣಿ

ಎಟಿಪಿ ಎಂದರೆ ಕೋಶದೊಳಗಿನ ಶಕ್ತಿಯ ಅಣು ಎಂದು ಓದಿಕೊಂಡು ಬಂದವರಿಗೆ, ಅದೇ ಅಣು ಹೊರಗೆ ಹೋಗಿ ಪಕ್ಕದ ಕೋಶಕ್ಕೆ ಸಂದೇಶ ಮುಟ್ಟಿಸುತ್ತದೆ ಎಂದರೆ ನಂಬುವುದು ಕಷ್ಟ. ವಿಜ್ಞಾನಿಗಳೂ ಬೇಗ ಒಪ್ಪಲಿಲ್ಲ. ಎಟಿಪಿಯ ಫಾಸ್ಫೇಟ್‌ಗಳೆಲ್ಲ ಕಳಚಿದಾಗ ಉಳಿಯುವ ಅಡೆನೋಸಿನ್ ಹೃದಯ ಬಡಿತವನ್ನು ನಿಧಾನಿಸುತ್ತದೆ ಎಂದು ಡ್ರುರಿ ಮತ್ತು ಸೆಂಟ್‌-ಗ್ಯೋರ್ಗಿ 1929ರಲ್ಲೇ ತೋರಿಸಿದ್ದರು. ಆದರೂ 1972ರಲ್ಲಿ ಜೆಫ್ರಿ ಬರ್ನ್‌ಸ್ಟಾಕ್ ಎಟಿಪಿಯಂಥ ಪ್ಯೂರಿನ್ ಅಣುಗಳನ್ನೇ ಸಂದೇಶಕ್ಕೆ ಬಳಸುವ ‘ಪ್ಯೂರಿನರ್ಜಿಕ್ ನರಗಳು’ ಇವೆ ಎಂಬ ವಾದ ಮುಂದಿಟ್ಟಾಗ, ಇಷ್ಟು ಬೆಲೆಬಾಳುವ ಅಣುವನ್ನು ಕೋಶ ಹೊರಗೆ ಚೆಲ್ಲೀತೇ ಎಂಬ ಅನುಮಾನವೇ ಮೇಲುಗೈ ಪಡೆಯಿತು. 1990ರ ದಶಕದಲ್ಲಿ ಈ ಸಂದೇಶವನ್ನು ಹಿಡಿಯುವ ಗ್ರಾಹಕ ಪ್ರೋಟೀನ್‌ಗಳ ಜೀನ್‌ಗಳು ಸಿಕ್ಕ ಮೇಲೆ ವಾದ ತಣ್ಣಗಾಯಿತು.

ಲೆಕ್ಕ ಹಾಕಿದರೆ ಆ ಅನುಮಾನ ನಿಲ್ಲುವುದಿಲ್ಲ. ಕೋಶದೊಳಗೆ ಎಟಿಪಿ ಕೆಲವು ಮಿಲಿಮೋಲಾರ್‌ನಷ್ಟಿದೆ. ಆರೋಗ್ಯವಂತ ಅಂಗಾಂಶದಲ್ಲಿ ಕೋಶಗಳ ಹೊರಗಿನ ದ್ರವದಲ್ಲಿ ಅದು ನ್ಯಾನೋಮೋಲಾರ್ ಮಟ್ಟದಲ್ಲಷ್ಟೇ ಇರುತ್ತದೆ. ಅಂತರ ಸುಮಾರು ಹತ್ತು ಲಕ್ಷ ಪಟ್ಟು. ಒಳಗಿನ ದಾಸ್ತಾನಿನ ಅತ್ಯಲ್ಪ ಭಾಗ ಹೊರಬಿದ್ದರೂ ಹೊರಗಿನ ಮಟ್ಟ ನೂರಾರು ಪಟ್ಟು ಏರುತ್ತದೆ, ಕೋಶಕ್ಕೆ ಶಕ್ತಿಯ ಕೊರತೆಯೂ ಆಗುವುದಿಲ್ಲ. ಹೊರಬೀಳುವ ದಾರಿಗಳು ಹಲವು: ನರತುದಿಯ ಕಿರುಚೀಲಗಳು, ಪ್ಯಾನೆಕ್ಸಿನ್-1 ಮತ್ತು ಕನೆಕ್ಸಿನ್ ನಾಳಗಳು, ಕೊನೆಗೆ ಹರಿದುಹೋದ ಕೋಶಪೊರೆ.

ಈ ವಿಷಯದಲ್ಲಿ ದಾರಿ ತಪ್ಪದಿರಲು ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಕ್ಷಣದಲ್ಲಿ ಅಣುವಿನ ಮೇಲೆ ಎಷ್ಟು ಫಾಸ್ಫೇಟ್ ಉಳಿದಿದೆ? ಎಟಿಪಿಯಲ್ಲಿ ಮೂರು, ಎಡಿಪಿಯಲ್ಲಿ ಎರಡು, ಎಎಂಪಿಯಲ್ಲಿ ಒಂದು, ಅಡೆನೋಸಿನ್‌ನಲ್ಲಿ ಒಂದೂ ಇಲ್ಲ. ಹೊರಬಂದ ಎಟಿಪಿಯನ್ನು ಕೋಶಪೊರೆಯ ಮೇಲೆಯೇ ಕೂತ ಸಿಡಿ39 ಎಂಬ ಕಿಣ್ವ ಎಡಿಪಿ, ನಂತರ ಎಎಂಪಿ ಮಾಡುತ್ತದೆ. ಸಿಡಿ73 ಆ ಎಎಂಪಿಯಿಂದ ಅಡೆನೋಸಿನ್ ಮಾಡುತ್ತದೆ. ಅಡೆನೋಸಿನ್ ಡಿಅಮಿನೇಸ್ ಎಂಬ ಕಿಣ್ವ ಅದನ್ನು ಇನೋಸಿನ್ ಆಗಿಸುತ್ತದೆ, ಇಲ್ಲವೇ ಇಎನ್‌ಟಿ ಎಂಬ ಪೊರೆಯ ವಾಹಕ ಪ್ರೋಟೀನ್‌ಗಳು ಕೋಶದೊಳಕ್ಕೆ ಎಳೆದುಕೊಳ್ಳುತ್ತವೆ. ಇಲ್ಲೊಂದು ಸೊಗಸಾದ ಅಂಶವಿದೆ: ಎಟಿಪಿ, ಎಡಿಪಿ ಹೆಚ್ಚಿರುವವರೆಗೆ ಅವೇ ಸಿಡಿ73ನ್ನು ತಡೆಹಿಡಿಯುತ್ತವೆ. ಹಾಗಾಗಿ ಅಡೆನೋಸಿನ್ ಅಲೆ ತಡವಾಗಿ ಏಳುತ್ತದೆ. ಮೊದಲು ಉರಿಯೂತವನ್ನು ಎಬ್ಬಿಸಿದ ಅಣುವೇ ಆಮೇಲೆ ಅದನ್ನು ತಣಿಸುವ ಅಣುವಾಗುತ್ತದೆ.

ಗ್ರಾಹಕಗಳನ್ನೂ ಇದೇ ಕ್ರಮದಲ್ಲಿ ನೆನಪಿಡಬಹುದು. ಮೂರೂ ಫಾಸ್ಫೇಟ್ ಇದ್ದಾಗ ಪಿ2ಎಕ್ಸ್ ಸ್ಪಂದಿಸುತ್ತದೆ. ಇದು ಮೂರು ಉಪಘಟಕಗಳ ಅಯಾನು ನಾಳ; ಮಿಲಿಸೆಕೆಂಡುಗಳಲ್ಲಿ ತೆರೆದು ಸೋಡಿಯಂ, ಕ್ಯಾಲ್ಸಿಯಂ ಒಳಬಿಡುತ್ತದೆ, ಪೊಟ್ಯಾಸಿಯಂ ಹೊರಬಿಡುತ್ತದೆ. ಏಳು ಬಗೆಗಳಲ್ಲಿ ಪಿ2ಎಕ್ಸ್7 ಬೇರೆಯೇ ಸ್ವಭಾವದ್ದು. ಉಳಿದವಕ್ಕೆ ಮೈಕ್ರೋಮೋಲಾರ್ ಎಟಿಪಿ ಸಾಕಾದರೆ ಇದಕ್ಕೆ ನೂರಾರು ಮೈಕ್ರೋಮೋಲಾರ್ ಬೇಕು. ಅಷ್ಟು ಎಟಿಪಿ ಸೇರುವುದು ಹೆಚ್ಚಾಗಿ ಕೋಶಗಳು ಒಡೆದಾಗ. ಆಗ ಪೊಟ್ಯಾಸಿಯಂ ಸೋರಿ, ಎನ್‌ಎಲ್‌ಆರ್‌ಪಿ3 ಎಂಬ ಕೋಶದೊಳಗಿನ ಅಪಾಯ-ಸಂವೇದಕ ಪ್ರೋಟೀನ್ ಜಾಗೃತವಾಗಿ, ಉರಿಯೂತ ಹಬ್ಬಿಸುವ ಇಂಟರ್‌ಲ್ಯೂಕಿನ್-1 ಬೀಟಾ ಹೊರಬರುತ್ತದೆ. ಪಿ2ವೈ ಗುಂಪಿನ ಎಂಟೂ ನಾಳಗಳಲ್ಲ, ಕೋಶದೊಳಗಿನ ಜಿ-ಪ್ರೋಟೀನ್ ಎಂಬ ಸಂದೇಶವಾಹಕಕ್ಕೆ ಜೋಡಣೆಯಾದವು. ಇವುಗಳಲ್ಲಿ ಪಿ2ವೈ1, 12, 13 ಎಡಿಪಿಗೆ ಮೀಸಲು. ಪಿ2ವೈ2 ಎಟಿಪಿಯ ಜೊತೆಗೆ ಪ್ಯೂರಿನ್ ಅಲ್ಲದ, ಪಿರಿಮಿಡಿನ್ ಎಂಬ ಬೇರೆ ಗುಂಪಿನ ಯುಟಿಪಿಗೂ ಸ್ಪಂದಿಸುತ್ತದೆ. ಫಾಸ್ಫೇಟ್ ಪೂರ್ತಿ ಕಳಚಿದ ಮೇಲೆ ಅಡೆನೋಸಿನ್ ಹಿಡಿಯುವ ಪಿ1 ಗುಂಪು: ಎ1 ಮತ್ತು ಎ3 ಕೋಶದೊಳಗಿನ ಸಂದೇಶ ಅಣುವಾದ ಸೈಕ್ಲಿಕ್ ಎಎಂಪಿಯನ್ನು ಇಳಿಸುತ್ತವೆ, ಎ2ಎ ಮತ್ತು ಎ2ಬಿ ಏರಿಸುತ್ತವೆ.

ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಅವುಗಳ ದಟ್ಟ ಕಣಗಳಿಂದ ಹೊರಬಿದ್ದ ಎಡಿಪಿ ಪಿ2ವೈ1 ಮೂಲಕ ಪ್ಲೇಟ್‌ಲೆಟ್‌ಗಳ ಆಕಾರ ಬದಲಿಸಿ, ಅವು ಒಂದಕ್ಕೊಂದು ಅಂಟುವುದನ್ನು ಶುರುಮಾಡುತ್ತದೆ. ಅದನ್ನು ಗಟ್ಟಿಯಾಗಿ ನಿಲ್ಲಿಸುವುದು ಪಿ2ವೈ12. ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಔಷಧದ ಸಕ್ರಿಯ ರೂಪ ಪಿ2ವೈ12ಕ್ಕೆ ಬಿಡಿಸಲಾಗದಂತೆ ಅಂಟುವುದರಿಂದ, ಔಷಧ ರಕ್ತದಿಂದ ಮಾಯವಾದರೂ ಪರಿಣಾಮ ಹೊಸ ಪ್ಲೇಟ್‌ಲೆಟ್‌ಗಳು ಬರುವವರೆಗೆ ಉಳಿಯುತ್ತದೆ.

ಹೃದಯದ್ದು ಇನ್ನೊಂದು ಉದಾಹರಣೆ. ಒಂದು ಬಗೆಯ ವೇಗದ ಬಡಿತವನ್ನು ನಿಲ್ಲಿಸಲು ಆಸ್ಪತ್ರೆಯಲ್ಲಿ ವಯಸ್ಕರಿಗೆ ಅಡೆನೋಸಿನ್ ಮೊದಲು 6 ಮಿಲಿಗ್ರಾಂ ಅಭಿಧಮನಿಗೆ ಕೊಡುತ್ತಾರೆ. ಅದು ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ವಿದ್ಯುತ್ ದಾಟಿಸುವ ಎವಿ ಗಂಟಿನ ಎ1 ಗ್ರಾಹಕ ತಾಗಿ ಪೊಟ್ಯಾಸಿಯಂ ನಾಳ ತೆರೆದು ವಿದ್ಯುತ್ ಹರಿವನ್ನು ಕ್ಷಣಕಾಲ ತಡೆಯುತ್ತದೆ. ಆದರೆ ರಕ್ತದಲ್ಲಿ ಅದರ ಅರ್ಧಾಯುಷ್ಯ 10 ಸೆಕೆಂಡಿಗೂ ಕಡಿಮೆ. ನಿಧಾನವಾಗಿ ಚುಚ್ಚಿದರೆ ಹೃದಯ ತಲುಪುವಷ್ಟರಲ್ಲಿ ಕೆಂಪು ರಕ್ತಕಣಗಳೇ ಹೀರಿಕೊಂಡಿರುತ್ತವೆ. ಅದಕ್ಕೇ ರಭಸದಿಂದ ಚುಚ್ಚಿ, ಹಿಂದೆಯೇ ಸಲೈನ್ ತಳ್ಳುವುದು. ಡೈಪಿರಿಡಮೋಲ್ ಎಂಬ ಔಷಧ ಇಎನ್‌ಟಿ ವಾಹಕವನ್ನು ತಡೆದು ಅಡೆನೋಸಿನ್ ಪರಿಣಾಮವನ್ನು ಹಿಗ್ಗಿಸುತ್ತದೆ. ಥಿಯೋಫಿಲಿನ್, ಕೆಫೀನ್ ಗ್ರಾಹಕವನ್ನೇ ಅಡ್ಡಗಟ್ಟಿ ಕುಗ್ಗಿಸುತ್ತವೆ.

ಪ್ರಯೋಗದಲ್ಲಿ ಎಡವುವ ಜಾಗಗಳು

ಎಟಿಪಿ ಡೈಸೋಡಿಯಂ ಲವಣವನ್ನು ನೀರಿನಲ್ಲಿ ಕರಗಿಸಿದರೆ ದ್ರಾವಣ ಹುಳಿಯಾಗುತ್ತದೆ. 100 ಮಿಲಿಮೋಲಾರ್ ದಾಸ್ತಾನು ಮಾಡುವಾಗ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 7.4ರ ಆಸುಪಾಸಿಗೆ ತಂದು, ಸಣ್ಣ ಪಾಲುಗಳಾಗಿ ಹಂಚಿ, −20 ಡಿಗ್ರಿಯಲ್ಲಿಡಿ. ಇಲ್ಲದಿದ್ದರೆ ಆಮ್ಲಕ್ಕೆ ಬಂದ ಸ್ಪಂದನವನ್ನು ಎಟಿಪಿಯ ಖಾತೆಗೆ ಬರೆದುಕೊಳ್ಳುತ್ತೀರಿ. ಎಟಿಪಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪಿ2ಎಕ್ಸ್7 ಪರೀಕ್ಷೆಗೆ ಮಿಲಿಮೋಲಾರ್ ಪ್ರಮಾಣ ಹಾಕಿದಾಗ ಇವೆರಡರ ಬಿಡಿ ಅಯಾನುಗಳು ಕುಸಿಯುತ್ತವೆ, ಅದರಿಂದಲೇ ಆ ಗ್ರಾಹಕ ಚುರುಕಾಗುತ್ತದೆ. ದ್ರಾವಣದ ಸಂಯೋಜನೆ ಬರೆದಿಡದ ಫಲಿತಾಂಶವನ್ನು ಹೋಲಿಸಲಾಗದು.

ಎಟಿಪಿ ಬಳಸಿ ಬೆಳಕು ಹೊಮ್ಮಿಸುವ ಲೂಸಿಫೆರೇಸ್ ಕಿಣ್ವದಿಂದ ಎಟಿಪಿ ಅಳೆಯುವಾಗ ಪಿಪೆಟ್ಟಿನ ರಭಸವೇ ಕೋಶಗಳಿಂದ ಎಟಿಪಿ ಹೊರಡಿಸುತ್ತದೆ. ಮಾಧ್ಯಮ ಬದಲಿಸಿದ ಮೇಲೆ ತಟ್ಟೆಯನ್ನು ಅಲುಗಿಸದೆ ಸ್ವಲ್ಪ ಹೊತ್ತು ಬಿಡಿ, ಮಾದರಿಯನ್ನು ಮೆಲ್ಲಗೆ ಮೇಲಿನಿಂದ ತೆಗೆಯಿರಿ. ಸೀರಂ ಇದ್ದರೆ ಅದರಲ್ಲಿನ ಕಿಣ್ವಗಳು ಎಟಿಪಿಯನ್ನು ತಿಂದುಹಾಕುತ್ತವೆ. ಪಿ2ಎಕ್ಸ್1, ಪಿ2ಎಕ್ಸ್3 ಒಮ್ಮೆ ತೆರೆದು ಬೇಗನೆ ಮಂದವಾಗುತ್ತವೆ, ಚೇತರಿಸಿಕೊಳ್ಳಲು ನಿಮಿಷಗಳೇ ಬೇಕು. ಅವಸರದಲ್ಲಿ ಎರಡನೇ ಸಲ ಎಟಿಪಿ ಕೊಟ್ಟು ‘ಸ್ಪಂದನ ಇಲ್ಲ’ ಎಂದು ಬರೆಯಬೇಡಿ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಗುರುತಿನ ಗೊಂದಲ. ಎಟಿಪಿ ಹಾಕಿದಿರಿ, ರಕ್ತನಾಳದ ಸ್ನಾಯು ಸಡಿಲಿಸಿತು ಎಂದುಕೊಳ್ಳಿ. ಅಷ್ಟರಿಂದ ಪಿ2 ಗ್ರಾಹಕ ಕೆಲಸ ಮಾಡಿತು ಎನ್ನಲಾಗದು. ಅಡೆನೋಸಿನ್ ಡಿಅಮಿನೇಸ್ ಹಾಕಿಯೋ, ಎ2 ಗ್ರಾಹಕಗಳನ್ನು ತಡೆದೋ ಮತ್ತೆ ನೋಡಿ: ಸಡಿಲಿಕೆ ಮಾಯವಾದರೆ ಕೆಲಸ ಅಡೆನೋಸಿನ್ನದು, ಉಳಿದುಕೊಂಡರೆ ಮಾತ್ರ ಪಿ2ವೈಗಳನ್ನು ಒಂದೊಂದಾಗಿ ತಡೆದು ನೋಡಲು ಹೊರಡಿ. ಆ ಹಂತದಲ್ಲೂ ಸುರಾಮಿನ್ ಎಂಬ ತಡೆ ಔಷಧ ಒಂದನ್ನೇ ನೆಚ್ಚಬೇಡಿ, ಅದು ಹಲವು ಪಿ2 ಗ್ರಾಹಕಗಳ ಜೊತೆಗೆ ಎಟಿಪಿ ಒಡೆಯುವ ಕಿಣ್ವಗಳನ್ನೂ ತಡೆಯುತ್ತದೆ.