ಒಂದು ಕೆ.ಜಿ. ಉಪಗ್ರಹ, ನಾಲ್ಕು ಡಿಪಾರ್ಟ್‌ಮೆಂಟು

‘ಕಾಲೇಜು ವಿದ್ಯಾರ್ಥಿಗಳ ಉಪಗ್ರಹ’ ಎಂಬ ತಲೆಬರಹದಡಿ ಈಗ ಮೂರು ಬೇರೆ ಬೇರೆ ಸಂಗತಿಗಳು ಸುದ್ದಿಯಾಗುತ್ತಿವೆ. ಮೊದಲನೆಯದು, ಕಾಲೇಜಿನಲ್ಲೇ ಕಟ್ಟಿದ, ತನ್ನಷ್ಟಕ್ಕೆ ಕಕ್ಷೆ ಸುತ್ತುವ ಉಪಗ್ರಹ. ಎರಡನೆಯದು, ಬೇರೆಯವರ ಉಪಗ್ರಹದೊಳಗೆ ಕೂರಿಸಿದ ವಿದ್ಯಾರ್ಥಿಗಳ ಪುಟ್ಟ ಬೋರ್ಡು. ಮೂರನೆಯದು, ಇಸ್ರೊದ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಮೇಲೆ ಬಿಗಿದು ಕಳಿಸುವ ಪ್ರಯೋಗದ ಪೆಟ್ಟಿಗೆ. ಮೂರಕ್ಕೂ ಚಪ್ಪಾಳೆ ಒಂದೇ, ಕಲಿಕೆ ಮಾತ್ರ ಬೇರೆ ಬೇರೆ.

ಹಳೆಯದನ್ನು ಚುಟುಕಾಗಿ ಹೇಳಿಬಿಡಬಹುದು. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಮೊದಲ ರಾಕೆಟ್ ಹಾರಿತು, 1975ರಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ 360 ಕೆ.ಜಿ.ಯ ಆರ್ಯಭಟ ಕಕ್ಷೆ ಸೇರಿತು. ಇದಕ್ಕೆಲ್ಲ ವಿಶ್ವವಿದ್ಯಾಲಯಗಳು ಜನರನ್ನು ಕೊಟ್ಟವು. ಕೆಲಸ ನಡೆದದ್ದು ಹೊರಗೆ. ಒಳಗೆ ಖಗೋಳವಿಜ್ಞಾನ ಭೌತಶಾಸ್ತ್ರದವರ ಪಾಲಿಗೆ, ಆಂಟೆನಾ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಮತ್ತು ಸಂವಹನ) ಬ್ರಾಂಚಿನವರ ಪಾಲಿಗೆ, ರಾಕೆಟ್ ಏರೋನಾಟಿಕ್ಸ್‌ನವರ ಪಾಲಿಗೆ ಎಂದು ಹಂಚಿಹೋಗಿತ್ತು. 1982ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ಜಂಟಿ ಖಗೋಳ ಕಾರ್ಯಕ್ರಮ, 1988ರಲ್ಲಿ ಪುಣೆಯಲ್ಲಿ ಹುಟ್ಟಿದ ಅಂತರ ವಿಶ್ವವಿದ್ಯಾಲಯ ಖಗೋಳ ಕೇಂದ್ರ ಐಯುಕಾ, 2007ರಲ್ಲಿ ತಿರುವನಂತಪುರದಲ್ಲಿ ತೆರೆದ ಬಾಹ್ಯಾಕಾಶ ವಿಜ್ಞಾನ ಕಲಿಸುವ ಸಂಸ್ಥೆ ಐಐಎಸ್‌ಟಿ ಈ ಗೋಡೆಗಳನ್ನು ಅಷ್ಟಿಷ್ಟು ಕೆಡವಿದವು. ಆದರೆ ಸಾಮಾನ್ಯ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಗೋ ಹುಡುಗನಿಗೋ ಅಲ್ಲಿ ಜಾಗವಿರಲಿಲ್ಲ.

ಜಾಗ ಸಿಕ್ಕಿದ್ದು ಕ್ಯೂಬ್‌ಸ್ಯಾಟ್‌ನಿಂದ. 1999ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು, ಸ್ಟ್ಯಾನ್‌ಫರ್ಡ್‌ನ ಬಾಬ್ ಟ್ವಿಗ್ಸ್ ಮತ್ತು ಕ್ಯಾಲ್ ಪಾಲಿಯ ಜೋರ್ಡಿ ಪುಯಿಗ್-ಸುವಾರಿ, ಪ್ರತಿ ಬದಿ 10 ಸೆಂ.ಮೀ. ಇರುವ ಘನವೊಂದನ್ನು ಅಳತೆಗೋಲಾಗಿ ಇಟ್ಟರು. ವಿದ್ಯಾರ್ಥಿ ಓದು ಮುಗಿಸುವ ಮೊದಲು ಕಟ್ಟಿ ಮುಗಿಸುವಷ್ಟು ಚಿಕ್ಕದಾಗಿರಬೇಕು ಎಂಬುದು ಆಲೋಚನೆ. ನಮ್ಮಲ್ಲಿ ಮೊದಲು ಹೋದದ್ದು ಅಣ್ಣಾ ವಿಶ್ವವಿದ್ಯಾಲಯದ 40 ಕೆ.ಜಿ.ಯ ಅನುಸ್ಯಾಟ್, 2009ರಲ್ಲಿ. ಮರುವರ್ಷ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹೋದ ಸ್ಟಡ್‌ಸ್ಯಾಟ್ ಒಂದು ಕೆ.ಜಿ.ಗೂ ಕಡಿಮೆ. ಕರ್ನಾಟಕ ಮತ್ತು ಆಂಧ್ರದ ಏಳು ಕಾಲೇಜುಗಳು ಸೇರಿ ಕಟ್ಟಿದ್ದು, ಗ್ರೌಂಡ್ ಸ್ಟೇಷನ್ ಯಲಹಂಕದಲ್ಲಿ. 2011ರಲ್ಲಿ ಜುಗ್ನು ಮತ್ತು ಎಸ್‌ಆರ್‌ಎಂಸ್ಯಾಟ್, 2016ರಲ್ಲಿ ಸ್ವಯಂ, ಸತ್ಯಭಾಮಾಸ್ಯಾಟ್, ಪ್ರಥಮ್ ಮತ್ತು ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ 5.25 ಕೆ.ಜಿ.ಯ ಪೈಸ್ಯಾಟ್ ಹೋದವು.

ಈ ಏಳೆಂಟು ವರ್ಷಗಳ ಅವಧಿಯೇ ನಿಂತು ನೋಡಬೇಕಾದದ್ದು. ಒಂದು ಕೆ.ಜಿ.ಯ ಪೆಟ್ಟಿಗೆಯ ಒಂದು ಬದಿಯಲ್ಲಿ ಎರಡು ಸೋಲಾರ್ ಸೆಲ್ ಹಿಡಿಸುತ್ತವೆ. ನೇರ ಬಿಸಿಲಿದ್ದರೆ ಸುಮಾರು 2.3 ವ್ಯಾಟ್ ವಿದ್ಯುತ್. ಭೂಮಿಯಿಂದ ಆರುನೂರು ಚಿಲ್ಲರೆ ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸರಿಸುಮಾರು 97 ನಿಮಿಷ, ಅದರಲ್ಲಿ 35 ನಿಮಿಷದವರೆಗೂ ಕತ್ತಲು. ರೇಡಿಯೊ, ಕಂಪ್ಯೂಟರ್, ಕ್ಯಾಮೆರಾ ಎಲ್ಲ ಈ ಬಜೆಟ್ಟಿನಲ್ಲೇ ಬದುಕಬೇಕು. ಗ್ರೌಂಡ್ ಸ್ಟೇಷನ್ನಿನ ಮೇಲೆ ಉಪಗ್ರಹ ಹಾದುಹೋಗುವುದು ಹೆಚ್ಚೆಂದರೆ ಹನ್ನೆರಡು ನಿಮಿಷ. ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಹತ್ತು ನಿಮಿಷ ಒಂದೇ ಸಮನೆ ಇಳಿಸಿಕೊಂಡರೂ ಕೈಗೆ ಬರುವುದು 90 ಕಿಲೋಬೈಟ್. ಫೋನಿನಲ್ಲಿ ತೆಗೆದ ಒಂದು ಫೋಟೊ ಇಳಿಯಲು ದಿನಗಟ್ಟಲೆ ಬೇಕು.

ಕೆಡುವುದು ಎಲ್ಲಿ ಎನ್ನುವುದಕ್ಕೆ ಆಂಟೆನಾ ಒಂದೇ ಸಾಕು. 437 ಮೆಗಾಹರ್ಟ್ಸ್‌ಗೆ ತರಂಗದ ಉದ್ದದ ಕಾಲು ಭಾಗದಷ್ಟು ಆಂಟೆನಾ ಎಂದರೆ 17 ಸೆಂ.ಮೀ.; ಪೆಟ್ಟಿಗೆ ಇರುವುದು ಹತ್ತೇ ಸೆಂ.ಮೀ. ಹಾಗಾಗಿ ಉಕ್ಕಿನ ಅಳತೆ ಟೇಪಿನ ತುಂಡನ್ನು ಮಡಚಿ ನೈಲಾನ್ ದಾರದಿಂದ ಕಟ್ಟುತ್ತಾರೆ. ರಾಕೆಟ್ಟಿನಿಂದ ಬೇರ್ಪಟ್ಟು ಕನಿಷ್ಠ 30 ನಿಮಿಷ ಕಾದು, ನೈಕ್ರೋಮ್ ತಂತಿ ಕಾಯಿಸಿ ದಾರ ಸುಡಬೇಕು. ಮೆಕ್ಯಾನಿಕಲ್‌ನವರು ಕಟ್ಟಿದ ದಾರ ತಂತಿಗೆ ಒತ್ತಿಕೊಂಡಿರದಿದ್ದರೆ ತಂತಿ ಕೆಂಪಾದರೂ ದಾರ ಹಾಗೇ ಉಳಿಯುತ್ತದೆ. ಎಲೆಕ್ಟ್ರಾನಿಕ್ಸ್‌ನವರು ಬ್ಯಾಟರಿ ಪರೀಕ್ಷಿಸಿದ್ದು ಲ್ಯಾಬಿನ 25 ಡಿಗ್ರಿಯಲ್ಲಾದರೆ, ಚಳಿಗೆ ಮರಗಟ್ಟಿದ ಬ್ಯಾಟರಿಯ ವೋಲ್ಟೇಜು ತಂತಿಗೆ ಕರೆಂಟು ಹರಿದ ಕೂಡಲೇ ಕುಸಿಯುತ್ತದೆ, ಕಂಪ್ಯೂಟರ್ ರೀಸೆಟ್ ಆಗುತ್ತದೆ. ‘ಈಗಾಗಲೇ ಒಮ್ಮೆ ಪ್ರಯತ್ನಿಸಿದ್ದೇನೆ’ ಎಂಬುದನ್ನು ಪವರ್ ಹೋದರೂ ಅಳಿಯದ ಮೆಮೊರಿಯಲ್ಲಿ ಬರೆದಿಡಲು ಸಾಫ್ಟ್‌ವೇರಿನವರು ಮರೆತಿದ್ದರೆ, ಮತ್ತೆ 30 ನಿಮಿಷ ಎಣಿಸಿ ಮತ್ತೆ ತಂತಿ ಕಾಯಿಸುತ್ತದೆ, ಮತ್ತೆ ರೀಸೆಟ್. ಬ್ಯಾಟರಿ ಬರಿದಾಗುವವರೆಗೂ ಇದೇ ಪಾಡು. ಬಿಡಿಬಿಡಿಯಾಗಿ ಮೂವರ ಕೆಲಸವೂ ಪಾಸು. ಬ್ಯಾಟರಿ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ತಂತಿ ಕಾಯಿಸಬಾರದು, ಇಡೀ ಜೋಡಣೆಯನ್ನು ತಣ್ಣನೆಯ ನಿರ್ವಾತ ಕೋಣೆಯಲ್ಲಿಟ್ಟೇ ಬಿಚ್ಚಿ ನೋಡಬೇಕು ಎಂಬ ಎರಡು ನಿಯಮ ಮೂವರೂ ಒಟ್ಟಿಗೆ ಕೂತಾಗ ಮಾತ್ರ ಹೊಳೆಯುತ್ತವೆ.

ಒಟ್ಟಿಗೆ ಕೂರಿಸುವ ಏರ್ಪಾಡೇ ಕಾಲೇಜುಗಳಲ್ಲಿಲ್ಲ. ಇಂಟರ್ನಲ್ಸ್ ಆಯಾ ಬ್ರಾಂಚಿನದು, ಫೈನಲ್ ಇಯರ್ ಪ್ರಾಜೆಕ್ಟಿಗೆ ಸಹಿ ಆಯಾ ಎಚ್‌ಒಡಿಯದು. ಮೊದಲೆರಡು ವರ್ಷ ಕಲಿಯುವುದಕ್ಕೆ, ಮೂರನೆಯದು ಕಟ್ಟುವುದಕ್ಕೆ, ನಾಲ್ಕನೆಯದು ಪ್ಲೇಸ್‌ಮೆಂಟಿಗೆ. ಐಐಟಿ ಬಾಂಬೆಯ ಪ್ರಥಮ್ 2007ರಲ್ಲಿ ಶುರುವಾಗಿ ಹಾರಿದ್ದು 2016ರಲ್ಲಿ. ಅಷ್ಟು ಹೊತ್ತಿಗೆ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಎಷ್ಟು ಸಲ ಕೈ ಬದಲಾಗಿರಬೇಕು, ಲೆಕ್ಕ ಹಾಕಿ. ಯಾವ ಸ್ಕ್ರೂ ಯಾಕೆ ಆ ಉದ್ದದ್ದು ಎಂದು ಬರೆದಿಟ್ಟ ಕಡತವಿಲ್ಲದಿದ್ದರೆ ಹೊಸಬರು ಮೊದಲಿನಿಂದಲೇ ಶುರು ಮಾಡುತ್ತಾರೆ. ಕಾನೂನಿನ ಪಾಠ ಬೇರೆ: ಹವ್ಯಾಸಿ ರೇಡಿಯೊ ತರಂಗಾಂತರ ಬೇಕಾದರೆ ಹ್ಯಾಮ್ ಲೈಸೆನ್ಸ್ ಇರುವವರು ತಂಡದಲ್ಲಿರಬೇಕು, ಹವ್ಯಾಸಿ ರೇಡಿಯೊದವರ ಅಂತರರಾಷ್ಟ್ರೀಯ ಒಕ್ಕೂಟದೊಡನೆ ಹೊಂದಾಣಿಕೆ ಮಾಡಿಕೊಳ್ಳಬೇಕು. ಉಪಗ್ರಹ ಸಿದ್ಧವಾದ ಮೇಲೆ ಅರ್ಜಿ ಬರೆಯಲು ಕೂತವರು ಕಾಯುತ್ತಲೇ ಕೂರಬೇಕಾಗುತ್ತದೆ.

2020ರಲ್ಲಿ ಇಸ್ರೊ ಹೊರಗಿನವರ ಬಾಹ್ಯಾಕಾಶ ಕೆಲಸಕ್ಕೆ ಅನುಮತಿ ಕೊಡುವ ಇನ್‌ಸ್ಪೇಸ್ ಘೋಷಣೆಯಾದ ಮೇಲೆ, 2022ರಿಂದ ಪೋಯೆಮ್ ಬಂದ ಮೇಲೆ ದಾರಿ ಹೊರಳಿತು. ಉಪಗ್ರಹಗಳನ್ನು ಬಿಟ್ಟ ನಂತರವೂ ಜೀವಂತವಾಗಿರುವ ಪಿಎಸ್‌ಎಲ್‌ವಿಯ ನಾಲ್ಕನೇ ಹಂತವೇ ಈ ಪೋಯೆಮ್. ಕರೆಂಟು, ದಿಕ್ಕು, ಸಂಪರ್ಕ ಎಲ್ಲ ಅದೇ ಕೊಡುತ್ತದೆ. 2024ರ ಡಿಸೆಂಬರ್ 30ರಂದು ಹೋದ ಪೋಯೆಮ್-4ರಲ್ಲಿ 24 ಪೇಲೋಡ್‌ಗಳು, ಅಂದರೆ ಪ್ರಯೋಗದ ಪೆಟ್ಟಿಗೆಗಳು, ಇದ್ದವು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಆರ್‌ವಿಸ್ಯಾಟ್-1 ಕರುಳಿನ ಬ್ಯಾಕ್ಟೀರಿಯಾ ಅಲ್ಲಿ ಹೇಗೆ ಬೆಳೆಯುತ್ತದೆಂದು ನೋಡಲು ಹೋಯಿತು, ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿ ಕಾಲೇಜಿನವರದು ಹ್ಯಾಮ್ ರೇಡಿಯೊ ಪೇಲೋಡ್. ಬಯೊಟೆಕ್‌ನವರು ಬಾಹ್ಯಾಕಾಶದ ಮೇಜಿಗೆ ಬಂದು ಕೂತದ್ದು ಸಣ್ಣ ಮಾತಲ್ಲ. ಆದರೆ ಬ್ಯಾಟರಿ, ಆಂಟೆನಾ, ದಿಕ್ಕು ಹಿಡಿಯುವ ಕಷ್ಟವೆಲ್ಲ ಬೇರೆಯವರ ತಲೆಗೆ ಹೋದದ್ದರಿಂದ, ಮೂವರನ್ನು ಜಗಳಕ್ಕೆಳೆದು ಕಲಿಸುತ್ತಿದ್ದ ಭಾಗವೂ ಹೋಯಿತು. 350 ಕಿ.ಮೀ. ಎತ್ತರಕ್ಕೆ ಇಳಿಸಿದ್ದ ಪೋಯೆಮ್-4, 2025ರ ಏಪ್ರಿಲ್ 4ರಂದು ವಾತಾವರಣಕ್ಕೆ ಮರಳಿತು. ಮುಂದಿನ ವೇದಿಕೆಗೆ ಪೆಟ್ಟಿಗೆ ಸಿದ್ಧಪಡಿಸುವವರು ಕಂಪನ ಪರೀಕ್ಷೆಯ ತಾರೀಕನ್ನು ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿಯ ಪಕ್ಕದಲ್ಲಿಟ್ಟೇ ಗೊತ್ತು ಮಾಡಬೇಕು. ಕಾಲೇಜಿನ ಕ್ಯಾಲೆಂಡರಿಗಾಗಿ ಉಡಾವಣೆ ಕಾಯುವುದಿಲ್ಲ.