ಇಟಲಿಯ ಆನ್‌ಲೈನ್ ಪಕ್ಷ: ಮತ ಸದಸ್ಯರದು, ವೇದಿಕೆ ಯಾರದು?

ಇಟಲಿಯ ಹಾಸ್ಯನಟ ಬೆಪ್ಪೆ ಗ್ರಿಲ್ಲೊ, ಅಂತರಜಾಲ ಉದ್ಯಮಿ ಜಾನ್‌ರೊಬೆರ್ತೊ ಕಸಲೆಜ್ಜೊ ಅವರ ನೆರವಿನಿಂದ 2005ರಲ್ಲಿ ಬ್ಲಾಗ್ ಒಂದನ್ನು ಆರಂಭಿಸಿದರು. ಹಳೆಯ ಪಕ್ಷಗಳ ಭ್ರಷ್ಟಾಚಾರದಿಂದ ಬೇಸತ್ತಿದ್ದ ಅದರ ಓದುಗರು ಊರೂರುಗಳಲ್ಲಿ ಗುಂಪುಗೂಡಿದರು; ಆ ಗುಂಪುಗಳಿಂದಲೇ 2009ರ ಅಕ್ಟೋಬರ್‌ನಲ್ಲಿ ‘ಫೈವ್ ಸ್ಟಾರ್ ಚಳವಳಿ’ ಹುಟ್ಟಿತು. ಕಚೇರಿಗಳಾಗಲಿ ಪದಾಧಿಕಾರಿಗಳ ಸಾಲಾಗಲಿ ಬೇಕಿಲ್ಲ, ಸದಸ್ಯರೇ ಆನ್‌ಲೈನ್‌ನಲ್ಲಿ ನೇರವಾಗಿ ತೀರ್ಮಾನಿಸುತ್ತಾರೆ ಎಂಬುದು ಅದರ ಭರವಸೆಯಾಗಿತ್ತು. 2013ರ ಚುನಾವಣೆಯಲ್ಲಿ ಅದಕ್ಕೆ ಸುಮಾರು ಶೇ 25ರಷ್ಟು ಮತಗಳು ಬಂದವು. ಸದಸ್ಯರ ಆನ್‌ಲೈನ್ ಮತದಿಂದ ಆಯ್ಕೆಯಾದ, ರಾಜಕೀಯಕ್ಕೆ ಹೊಸಬರಾದ ಅಭ್ಯರ್ಥಿಗಳು ಸಂಸತ್ತಿಗೆ ಬಂದರು. ಟಿಕೆಟ್‌ಗಾಗಿ ನಾಯಕರ ಮನೆಬಾಗಿಲು ಕಾಯದೆಯೂ ಚುನಾವಣೆಗೆ ನಿಲ್ಲಬಹುದೆಂದು ತೋರಿಸಿದ ಈ ಸಾಧನೆ ಸಣ್ಣದಲ್ಲ.

ತೊಡಕು ಇದ್ದದ್ದು ಒಡೆತನದಲ್ಲಿ. 2016ರಲ್ಲಿ ಬಂದ ‘ರೂಸೊ’ ಎಂಬ ಮತದಾನ ವೇದಿಕೆ ಪಕ್ಷದ ಸ್ವತ್ತಾಗಿರಲಿಲ್ಲ. ಕಸಲೆಜ್ಜೊ ಅವರ ಮಗ ದಾವಿದೆ ಮುಖ್ಯಸ್ಥರಾಗಿದ್ದ ಪ್ರತ್ಯೇಕ ಸಂಘವೊಂದು ಅದನ್ನು ನಡೆಸುತ್ತಿತ್ತು. ಮುಂದೆ ಪಕ್ಷದ ಸಂಸದರು ಅದಕ್ಕೆ ತಿಂಗಳಿಗೆ 300 ಯೂರೊ ಕೊಡಬೇಕಾಯಿತು. 2017ರಲ್ಲಿ ಜಿನೋವಾ ನಗರದ ಮೇಯರ್ ಅಭ್ಯರ್ಥಿಯಾಗಿ ಸದಸ್ಯರು ಆರಿಸಿದವರನ್ನು ಗ್ರಿಲ್ಲೊ ತಳ್ಳಿಹಾಕಿ, ತಮ್ಮನ್ನು ನಂಬುವಂತೆ ಸದಸ್ಯರನ್ನು ಕೇಳಿಕೊಂಡರು. 2019ರಲ್ಲಿ ಇಟಲಿಯ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವು, ಮತದ ಗೋಪ್ಯತೆಯನ್ನಾಗಲಿ ನೈಜತೆಯನ್ನಾಗಲಿ ಈ ವ್ಯವಸ್ಥೆ ಖಾತರಿಪಡಿಸುವುದಿಲ್ಲವೆಂದು ಹೇಳಿ ಸಂಘಕ್ಕೆ 50,000 ಯೂರೊ ದಂಡ ವಿಧಿಸಿತು.

ಇದಕ್ಕಿಂತ ಗಂಭೀರವಾದದ್ದು, ಪ್ರಶ್ನೆಯನ್ನು ಯಾರು ಬರೆಯುತ್ತಾರೆ ಎಂಬ ಸಂಗತಿ. ಬಲಪಂಥೀಯ ಲೀಗ್ ಪಕ್ಷದೊಂದಿಗಿನ ಸಮ್ಮಿಶ್ರ ಸರ್ಕಾರದ ಒಪ್ಪಂದವನ್ನು 2018ರಲ್ಲಿ ಮತ ಹಾಕಿದ ಸುಮಾರು 45,000 ಸದಸ್ಯರಲ್ಲಿ ಶೇ 94 ಮಂದಿ ಒಪ್ಪಿದರು. ಆದರೆ ಒಪ್ಪಂದದ ಒಕ್ಕಣೆಯನ್ನು ನಾಯಕರು ಆಗಲೇ ಕುದುರಿಸಿ ಮುಗಿಸಿದ್ದರು. 2021ರಲ್ಲಿ ಅರ್ಥಶಾಸ್ತ್ರಜ್ಞ ಮಾರಿಯೊ ದ್ರಾಗಿ ನೇತೃತ್ವದ ಸರ್ಕಾರವನ್ನು ಬೆಂಬಲಿಸಬೇಕೇ ಎಂದು ಮತ ಕೇಳಿದಾಗ, ಪರಿಸರಕ್ಕೊಂದು ದೊಡ್ಡ ಸಚಿವಾಲಯ ಬರಲಿದೆ, ಪಕ್ಷದ ಸಾಧನೆಗಳು ಉಳಿಯಲಿವೆ ಎಂಬ ಮಾತುಗಳನ್ನು ಪ್ರಶ್ನೆಯೊಳಗೇ ಸೇರಿಸಲಾಗಿತ್ತು. ಚರ್ಚಿಸಲು, ತಿದ್ದಲು, ಬೇರೊಂದು ಪ್ರಸ್ತಾವ ಇಡಲು ಎಡೆಯಿಲ್ಲದ ಕಡೆ ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿಗಳನ್ನಷ್ಟೇ ಕೊಟ್ಟು ಅದನ್ನು ಭಾಗವಹಿಸುವಿಕೆ ಎನ್ನುವುದು ಸರಿಯಲ್ಲ.

ಅದೇ ವರ್ಷ ಬಾಕಿ ಹಣದ ಜಗಳದಲ್ಲಿ ಪಕ್ಷವೂ ರೂಸೊ ಸಂಘವೂ ಬೇರೆಯಾದವು. ತನ್ನದೇ ಸದಸ್ಯರ ಪಟ್ಟಿಯನ್ನು ಪಡೆಯಲು ಪಕ್ಷಕ್ಕೆ ಅದೇ ಪ್ರಾಧಿಕಾರದ ಆದೇಶ ಬೇಕಾಯಿತು. ಆಮೇಲೆ ಬೇರೊಂದು ವೇದಿಕೆಯಲ್ಲಿ ಮಾಜಿ ಪ್ರಧಾನಿ ಜುಸೆಪ್ಪೆ ಕೊಂತೆ ಅಧ್ಯಕ್ಷರಾಗಿ ಆಯ್ಕೆಯಾದರು. 2024ರ ನವೆಂಬರ್‌ನಲ್ಲಿ ಸದಸ್ಯರು ಗ್ರಿಲ್ಲೊ ಅವರಿಗಿದ್ದ ವಿಶೇಷ ಸ್ಥಾನವನ್ನೇ ರದ್ದುಪಡಿಸಿದರು. ಅವರು ಮರುಮತದಾನಕ್ಕೆ ಪಟ್ಟುಹಿಡಿದರೂ ಡಿಸೆಂಬರ್‌ನಲ್ಲಿ ಬಂದದ್ದು ಅದೇ ತೀರ್ಪು.