ಸಾರ್ಕ್ ಸಭೆ ನಿಂತರೆ ಚಂಡಮಾರುತದ ಸುದ್ದಿಯೂ ನಿಲ್ಲುತ್ತದೆಯೇ?

ಪ್ರಶ್ನೆ: ನಮ್ಮ ನೆರೆ ದೇಶಗಳು ಪರಸ್ಪರ ಮುಖ ಕೊಟ್ಟು ಮಾತನಾಡುವುದೇ ಅಪರೂಪ. ಹೀಗಿರುವಾಗ ಹವಾಮಾನ ಬದಲಾವಣೆಯನ್ನು ಒಟ್ಟಾಗಿ ಎದುರಿಸುವುದು ಸಾಧ್ಯವೇ? ಅದರಿಂದ ಕೊಡಗಿನವರಿಗೆ ಏನು ಪ್ರಯೋಜನ?

ಉತ್ತರ: ಮಳೆಗಾಲ ಬಂದಾಗಲೆಲ್ಲ ಸೋಮವಾರಪೇಟೆಯಿಂದಲೋ ಪೊನ್ನಂಪೇಟೆಯಿಂದಲೋ ಈ ಪ್ರಶ್ನೆ ಬಂದೇ ಬರುತ್ತದೆ. ಹಿಂದೆಯೂ ಉತ್ತರಿಸಿದ್ದೇನೆ. ಈ ಸಲ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೂ ಓದಿ.

ಪ್ರಯೋಜನದ ಮಾತು ಮೊದಲು. ನಮಗೆ ಮಳೆ ತರುವ ಮುಂಗಾರು ಗಾಳಿ ಆಫ್ರಿಕಾದ ಪೂರ್ವ ಕರಾವಳಿಯ ಬಳಿ ಸಮಭಾಜಕ ವೃತ್ತವನ್ನು ದಾಟಿ, ಅರಬ್ಬಿ ಸಮುದ್ರದ ಮೇಲೆ ಸಾವಿರಾರು ಕಿಲೋಮೀಟರ್ ಬಂದು ಪಶ್ಚಿಮ ಘಟ್ಟಕ್ಕೆ ಬಡಿಯುತ್ತದೆ. ಆ ದಾರಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಭಾಗಮಂಡಲದಲ್ಲಿ ನಿಂತು ತಿಳಿಯಲಾಗದು. ಒಮಾನ್, ಮಾಲ್ಡೀವ್ಸ್, ಶ್ರೀಲಂಕಾಗಳ ವೀಕ್ಷಣೆಗಳೂ ಉಪಗ್ರಹದ ಚಿತ್ರಗಳೂ ಸೇರಿದ ಮೇಲಷ್ಟೇ ಮುನ್ಸೂಚನೆಗೆ ಬೇಕಾದ ಲೆಕ್ಕ ಕೂಡಿಬರುತ್ತದೆ. ನಿಮ್ಮ ಮೊಬೈಲಿಗೆ ಬರುವ ರೆಡ್ ಅಲರ್ಟ್‌ನಲ್ಲಿ ಅವರ ದುಡಿಮೆಯ ಪಾಲೂ ಇದೆ.

ಇನ್ನು ದಕ್ಷಿಣ ಏಷ್ಯಾ ದೇಶಗಳ ಒಕ್ಕೂಟವಾದ ಸಾರ್ಕ್ ಬಗ್ಗೆ ಬೇರುಬಿಟ್ಟಿರುವ ಒಂದು ತಪ್ಪು ನಂಬಿಕೆ: ‘ಸಾರ್ಕ್ ಮಲಗಿತು, ಅಲ್ಲಿಗೆ ಸಹಕಾರವೂ ಮುಗಿಯಿತು.’ ಓದಿದವರೂ ಹೀಗೆ ಹೇಳುವಾಗ ನನಗೆ ಬೇಸರವಾಗುತ್ತದೆ. ಸಾರ್ಕ್ ನಾಯಕರ ಕೊನೆಯ ಶೃಂಗಸಭೆ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಸೇರಬೇಕಿದ್ದವರು ಸೇರಲೇ ಇಲ್ಲ. 2010ರಲ್ಲಿ ಥಿಂಪುವಿನಲ್ಲಿ ಹವಾಮಾನ ಬದಲಾವಣೆಯ ಬಗ್ಗೆಯೇ ಹೊರಡಿಸಿದ ಘೋಷಣೆಯ ಆಶಯಗಳಲ್ಲಿ ಹೆಚ್ಚಿನವು ಕಾಗದ ಬಿಟ್ಟು ಮೇಲೇಳಲಿಲ್ಲ. ಇಷ್ಟೂ ನಿಜ. ಆದರೆ ಗಾಳಿ ಮಳೆಯ ಕೆಲಸ ಸಾರ್ಕ್ ಹುಟ್ಟುವುದಕ್ಕೆ ಮೊದಲೇ ಬೇರೆ ದಾರಿ ಹಿಡಿದಿತ್ತು.

1970ರ ನವೆಂಬರಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನಕ್ಕೆ ಅಪ್ಪಳಿಸಿದ ಚಂಡಮಾರುತಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. 1971ರ ಡಿಸೆಂಬರಿನಲ್ಲಿ ಯುದ್ಧ ನಡೆಯಿತು. ಅದರ ಮರುವರ್ಷವೇ, 1972ರಲ್ಲಿ, ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಏಷ್ಯಾ ಆಯೋಗ ಸೇರಿ ಈ ಭಾಗದ ಚಂಡಮಾರುತಗಳಿಗಾಗಿ ಒಂದು ಸಮಿತಿಯನ್ನು ರಚಿಸಿದವು. ಇಂದು ಅದರಲ್ಲಿ 13 ದೇಶಗಳಿವೆ: ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಮ್ಯಾನ್ಮಾರ್, ಶ್ರೀಲಂಕಾ, ಮಾಲ್ಡೀವ್ಸ್, ಥಾಯ್ಲೆಂಡ್, ಒಮಾನ್, ಯೆಮನ್, ಇರಾನ್, ಕತಾರ್, ಸೌದಿ ಅರೇಬಿಯಾ, ಯುಎಇ. ಇವರೆಲ್ಲರಿಗೂ ಚಂಡಮಾರುತದ ಪ್ರಕಟಣೆ ಹೋಗುವುದು ದೆಹಲಿಯಲ್ಲಿರುವ ನಮ್ಮ ಹವಾಮಾನ ಇಲಾಖೆಯ ಕೇಂದ್ರದಿಂದ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

2019ರಲ್ಲಿ ಭಾರತ, ಪಾಕಿಸ್ತಾನಗಳು ಯುದ್ಧದ ಅಂಚಿಗೆ ಹೋಗಿ ಬಂದವು. 2020ರ ಏಪ್ರಿಲ್‌ನಲ್ಲಿ ನಮ್ಮ ಇಲಾಖೆ ಚಂಡಮಾರುತಗಳಿಗೆ 169 ಹೆಸರುಗಳ ಹೊಸ ಪಟ್ಟಿಯನ್ನು ಪ್ರಕಟಿಸಿತು, ದೇಶಕ್ಕೆ 13ರಂತೆ. ಪಾಕಿಸ್ತಾನ ಕೊಟ್ಟ ಹೆಸರುಗಳೂ ಅದರಲ್ಲಿವೆ. 2021ರ ಗುಲಾಬ್, 2024ರ ಅಸ್ನಾ ಅವರದೇ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಗುಜರಾತಿನ ಜಖೌ ಬಂದರಿನ ಬಳಿ ನೆಲ ಮುಟ್ಟುವ ಮುನ್ನ ಗುಜರಾತಿನಲ್ಲೂ ಸಿಂಧ್‌ನಲ್ಲೂ ಕರಾವಳಿಯ ಜನರನ್ನು ಸಾವಿರಗಟ್ಟಲೆ ಸ್ಥಳಾಂತರಿಸಲಾಯಿತು. ಆ ವರ್ಷ ಮುಂಗಾರು ಕೇರಳಕ್ಕೆ ಬಂದದ್ದು ಜೂನ್ 8ಕ್ಕೆ, ನಮ್ಮ ಗದ್ದೆಗಳು ನೀರಿಗಾಗಿ ಕಾದದ್ದು ನೆನಪಿರಬಹುದು.

ಹೆಸರಿನ ಬಗ್ಗೆ ಇನ್ನೊಂದು ಮಾತು. ಹೆಸರು ಕೊಟ್ಟ ದೇಶಕ್ಕೂ ಚಂಡಮಾರುತ ಹುಟ್ಟುವ ಜಾಗಕ್ಕೂ ಸಂಬಂಧವಿಲ್ಲ. 2024ರ ಫೆಂಗಲ್ ಸೌದಿ ಕೊಟ್ಟ ಹೆಸರು, ಹುಟ್ಟಿದ್ದು ಬಂಗಾಳ ಕೊಲ್ಲಿಯಲ್ಲಿ. ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಸೇರಿ, ದುರ್ಬಲಗೊಂಡ ಮೇಲೂ ಡಿಸೆಂಬರ್ ಮೊದಲ ವಾರದಲ್ಲಿ ನಮ್ಮ ಕಾಫಿ ಕೊಯ್ಲಿನ ಮೇಲೆ ಮಳೆ ಸುರಿಸಿತು. ಕಣದಲ್ಲಿ ಹರಡಿದ ಹಣ್ಣನ್ನು ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ, ಗಿಡದಲ್ಲೇ ಬಿಟ್ಟರೆ ಹಣ್ಣು ಒಡೆದು ಉದುರುತ್ತದೆ. ಎರಡು ದಿನ ಮೊದಲೇ ಸುದ್ದಿ ಸಿಕ್ಕಿದರೆ ಕೊಯ್ಲನ್ನು ಮುಂದೆ ಹಾಕಬಹುದು, ಕಣದಲ್ಲಿರುವುದನ್ನು ಗೋದಾಮಿಗೆ ಸಾಗಿಸಬಹುದು. ಬೆಳೆಗಾರರಿಗೆ ಇದಕ್ಕಿಂತ ನೇರವಾದ ಪ್ರಯೋಜನ ಬೇರೇನು ಬೇಕು?

ಸಹಕಾರಕ್ಕೆ ಮಿತಿಯೂ ಇದೆ, ಮುಖ್ಯವಾಗಿ ನದಿ ನೀರಿನಲ್ಲಿ. ಪಾಕಿಸ್ತಾನದೊಂದಿಗಿನ 1960ರ ಸಿಂಧೂ ನದಿ ನೀರಿನ ಒಪ್ಪಂದವನ್ನು ಭಾರತ 2025ರ ಏಪ್ರಿಲ್‌ನಲ್ಲಿ ಅಮಾನತಿನಲ್ಲಿರಿಸಿತು. ಆದರೂ ಆಗಸ್ಟಿನಲ್ಲಿ ಜಮ್ಮುವಿನ ತವಿ ನದಿ ಉಕ್ಕುವ ಅಪಾಯ ಕಂಡಾಗ ನಮ್ಮ ಹೈಕಮಿಷನ್ ಮೂಲಕ ಪಾಕಿಸ್ತಾನಕ್ಕೆ ಎಚ್ಚರಿಕೆ ಹೋಯಿತು.

ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಬೇಕು. 2020ರ ಅಕ್ಟೋಬರಿನಿಂದ ಭಾರತ, ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾಗಳಿಗೆ ದಿಢೀರ್ ಪ್ರವಾಹದ ಸೂಚನೆ ಕೊಡುವ ಒಂದು ವ್ಯವಸ್ಥೆ ಇದೆ. ಅದೂ ನಡೆಯುವುದು ದೆಹಲಿಯಿಂದಲೇ. ಮುಂದೆ ಬರುವ ಮಳೆಯ ಜೊತೆಗೆ ಮಣ್ಣು ಈಗಾಗಲೇ ಎಷ್ಟು ನೆನೆದಿದೆ ಎಂಬುದನ್ನೂ ಅದು ಲೆಕ್ಕ ಹಾಕುತ್ತದೆ. ಇದು ಭೂಕುಸಿತದ ಮುನ್ಸೂಚನೆಯಲ್ಲ, ಆದರೆ ನೆನೆದ ಮಣ್ಣಿನ ಲೆಕ್ಕ ಎಷ್ಟು ಮುಖ್ಯ ಎಂಬುದು ಮಕ್ಕಂದೂರು, ಜೋಡುಪಾಲದವರಿಗೆ ಗೊತ್ತು. 2018ರಲ್ಲಿ ಜೂನ್‌ನಿಂದಲೇ ನೆನೆದಿದ್ದ ಬೆಟ್ಟಗಳು ಆಗಸ್ಟಿನ ಮಳೆಗೆ ಜಾರಿದವು.

ಇಂಥ ಲೆಕ್ಕಕ್ಕೆ ಊರೂರಿನ ಮಳೆಯ ಅಂಕಿ ಬೇಕು. ಕೊಡಗಿನಲ್ಲಿ ಅದಕ್ಕೆ ಬರವಿಲ್ಲ. ಎಷ್ಟೋ ತೋಟಗಳಲ್ಲಿ ಬೆಳಿಗ್ಗೆ ಮಾಪಕದ ನೀರನ್ನು ಅಳೆದು, ಇಂಚು ಸೆಂಟ್‌ಗಳಲ್ಲಿ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಪಾಲು) ಪುಸ್ತಕಕ್ಕೆ ಬರೆಯುವ ರೂಢಿ ಅಜ್ಜನ ಕಾಲದಿಂದ ಬಂದಿದೆ. ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್. ದಿನಕ್ಕೆ 204.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಸುರಿದರೆ ಇಲಾಖೆಯ ಪ್ರಕಾರ ಅದು ಅತ್ಯಂತ ಭಾರಿ ಮಳೆ, ನಿಮ್ಮ ಪುಸ್ತಕದಲ್ಲಿ ಎಂಟು ಇಂಚು ಐದು ಸೆಂಟ್. ಆ ಪುಸ್ತಕಗಳು ಗೆದ್ದಲ ಪಾಲಾಗುವ ಮೊದಲು ಪುಟ ಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಡಿ. ಮಾಪಕ ತೋಟದ ಯಾವ ಭಾಗದಲ್ಲಿತ್ತು, ಯಾವ ವರ್ಷ ಜಾಗ ಬದಲಾಯಿತು ಎಂಬುದನ್ನೂ ಜೊತೆಗೆ ಬರೆದಿಡಿ. ಈ ವಿವರವಿಲ್ಲದೆ ಆ ಅಂಕಿಗಳನ್ನು ಬಳಸುವುದು ಸಂಶೋಧಕರಿಗೆ ಕಷ್ಟ.